ಪೆನ್ನು ನಿಲ್ಲಿಸಬಾರದು

ನಿಜ ಹೇಳಿಬಿಡುತ್ತೇನೆ. ನಾನು ಹೋಗಿದ್ದು ಸೇವೆ ಮಾಡೋಕೆ ಅಲ್ಲ, ಗಂಟೆ ತುಂಬಿಸೋಕೆ.

ಎನ್ನೆಸ್ಸೆಸ್, ಅಂದರೆ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಸೇರಿದವರಿಗೆ ಈ ಲೆಕ್ಕ ಗೊತ್ತಿರುತ್ತದೆ. ಎರಡು ವರ್ಷಕ್ಕೆ 240 ಗಂಟೆ ಕೆಲಸ ಮಾಡಬೇಕು, ಅಂದರೆ ವರ್ಷಕ್ಕೆ 120. ಜೊತೆಗೆ ಏಳು ದಿನದ ಶಿಬಿರ. ಇಷ್ಟಾದರೆ ಸರ್ಟಿಫಿಕೇಟು. ನಾನಾಗ ಮೈಸೂರಲ್ಲಿ ಮೊದಲ ವರ್ಷದ ಬಿ.ಕಾಂ. ಓದುತ್ತಿದ್ದೆ. ಕಾಲೇಜು ಮೈದಾನದ ಪಾರ್ಥೇನಿಯಂ ಕಿತ್ತು, ಜಾಥಾದಲ್ಲಿ ಬ್ಯಾನರ್ ಹಿಡಿದು, ಅತಿಥಿಗಳು ಬರೋವರೆಗೂ ಬಿಸಿಲಲ್ಲಿ ಸಾಲಾಗಿ ನಿಂತು ಒಂದಷ್ಟು ಗಂಟೆ ಜಮಾ ಮಾಡಿದ್ದೆ. ಇನ್ನೂ ಮೂವತ್ತು ಚಿಲ್ಲರೆ ಗಂಟೆ ಬಾಕಿ ಇತ್ತು. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜು ಬಂತು. ಕೊನೆ ವರ್ಷದ ಬಿ.ಎ. ಓದುತ್ತಿರುವ, ಕಣ್ಣು ಕಾಣದ ವಿದ್ಯಾರ್ಥಿನಿಗೆ ಪರೀಕ್ಷೆ ಬರೆಯಲು ಸ್ಕ್ರೈಬ್, ಅಂದರೆ ಅವರು ಹೇಳಿದ್ದನ್ನ ಬರೆದುಕೊಡುವವರು, ಬೇಕು. ಆರು ಪೇಪರು, ಒಂದೊಂದಕ್ಕೆ ನಾಲ್ಕು ಗಂಟೆ.

ಆರು ನಾಲ್ಕಲಿ 24. ಫ್ಯಾನ್ ಕೆಳಗೆ ಕೂತು ಬರೆಯೋ ಕೆಲಸ. ಪಾರ್ಥೇನಿಯಂ ಕೀಳೋದಕ್ಕಿಂತ ವಾಸಿ ಅಲ್ವಾ? 'ನಾನು ಬರ್ತೀನಿ ಸಾರ್' ಅಂತ ಹಾಕಿದೆ. ನನ್ನ ಅಂಗಿ ಮೇಲಿದ್ದ ಎನ್ನೆಸ್ಸೆಸ್ ಬ್ಯಾಡ್ಜು 'ನನಗಲ್ಲ, ನಿನಗೆ' ಅನ್ನೋ ಧ್ಯೇಯವಾಕ್ಯದ ಯೋಜನೆಯದು. ಆವತ್ತು ಅದು ಸ್ವಲ್ಪ ನಗುತ್ತಿತ್ತೇನೋ.

ಸಂಜೆ ಫೋನ್ ಬಂತು. ಆ ಹುಡುಗಿಯೇ ಮಾಡಿದ್ದರು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು. ಹೆಸರು ಇಲ್ಲಿ ಬೇಡ, ನಾನು ಮೊದಲಿಂದಲೂ ಅಕ್ಕ ಅಂತಲೇ ಕರೆಯೋದು. ಥ್ಯಾಂಕ್ಸ್ ಹೇಳಬಹುದು ಅಂತ ಕಾಯುತ್ತಿದ್ದೆ. ಅವರು ನೇರ ಪ್ರಶ್ನೆಗೆ ಇಳಿದರು.

"ಇತಿಹಾಸ ಓದಿದ್ದೀರಾ?"

"ಹತ್ತನೇ ಕ್ಲಾಸಿಗೆ ಬಿಟ್ಟಿದ್ದು."

"ರಾಜ್ಯಶಾಸ್ತ್ರ?"

"ಇಲ್ಲ."

"ಒಳ್ಳೇದಾಯ್ತು. ಕನ್ನಡ ಸರಿಯಾಗಿ ಬರೀತೀರಾ?"

ಬರೀತೀನಿ ಅಂದೆ. ಆ ಮಾತು ಎಷ್ಟು ಸುಳ್ಳು ಅಂತ ಎರಡು ದಿನದಲ್ಲಿ ಗೊತ್ತಾಯಿತು.

ನನಗೆ ಇತಿಹಾಸ ಗೊತ್ತಿಲ್ಲದ್ದು ಯಾಕೆ ಒಳ್ಳೇದು ಅನ್ನೋದನ್ನ ಅವರೇ ವಿವರಿಸಿದರು. 2018ರ ಆಗಸ್ಟ್ 29ಕ್ಕೆ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಆಗ ಇತ್ತು. ಅದರ ಪ್ರಕಾರ ಅಭ್ಯರ್ಥಿ ತನ್ನದೇ ಸ್ಕ್ರೈಬ್ ಕರೆದುಕೊಂಡು ಬಂದರೆ, ಆ ಸ್ಕ್ರೈಬ್ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲು ಕೆಳಗೆ ಇರಬೇಕಿತ್ತು. ನಾನು ಡಿಗ್ರಿ ಸೇರಿದ್ದರೂ ಕೈಯಲ್ಲಿದ್ದದ್ದು ಪಿಯುಸಿ ಮಾರ್ಕ್ಸ್ ಕಾರ್ಡು ಮಾತ್ರ, ಹಾಗಾಗಿ ಸಲ್ಲುತ್ತಿದ್ದೆ. ಮೇಲಾಗಿ ಕಾಮರ್ಸ್. ಒಟ್ಟಿನಲ್ಲಿ ನನ್ನ ಅಜ್ಞಾನವೇ ನನ್ನ ಅರ್ಹತೆ. ಜೀವನದಲ್ಲಿ ಇನ್ನೆಲ್ಲೂ ಈ ಯೋಗ ಬಂದಿಲ್ಲ.

ಕಾಗದಪತ್ರದ ಓಡಾಟವನ್ನ ಬೇಗ ಮುಗಿಸಿಬಿಡುತ್ತೇನೆ, ಅದರಲ್ಲಿ ಸ್ವಾರಸ್ಯ ಇಲ್ಲ. ಅಕ್ಕನ ಅರ್ಜಿ, ಅಂಗವೈಕಲ್ಯದ ಪ್ರಮಾಣಪತ್ರ, ನನ್ನ ಐಡಿ ಕಾರ್ಡು, ಮಾರ್ಕ್ಸ್ ಕಾರ್ಡಿನ ಜೆರಾಕ್ಸು, ಎರಡು ಫೋಟೊ, 'ನಾನು ಹೇಳಿಕೊಡುವುದಿಲ್ಲ' ಅಂತ ನನ್ನದೊಂದು ಮುಚ್ಚಳಿಕೆ. ಒಂದು ಕೌಂಟರಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲನೇದಕ್ಕೆ. ಎರಡು ಬೆಳಗ್ಗೆ ಅದಕ್ಕೇ ಹೋಯಿತು.

ಪರೀಕ್ಷೆಗೆ ಎರಡು ದಿನ ಮುಂಚೆ ಅವರ ಹಾಸ್ಟೆಲಿನ ಮುಂದಿನ ಕೋಣೆಯಲ್ಲಿ ಭೇಟಿಯಾದೆವು. ನಾನು ಅವರನ್ನ ನೋಡೋಕೆ ಹೋಗಿದ್ದೇನೆ ಅಂದುಕೊಂಡಿದ್ದೆ. ಅದು ನನ್ನ ಇಂಟರ್‌ವ್ಯೂ ಆಗಿತ್ತು.

ಮೊದಲು ಕುರ್ಚಿ ತೋರಿಸೋಣ ಅಂತ ಅವರ ತೋಳು ಹಿಡಿದುಕೊಂಡೆ. ಮೆಲ್ಲಗೆ ಬಿಡಿಸಿಕೊಂಡರು. "ನೀನು ನನ್ನ ಹಿಡ್ಕೋಬೇಡಪ್ಪ. ನಾನು ನಿನ್ನ ಹಿಡ್ಕೋತೀನಿ" ಅಂತ ನನ್ನ ಮೊಣಕೈ ಮೇಲೆ ಎರಡು ಬೆರಳಿಟ್ಟರು. ಮುಂದೆ ನಾನು ನಡೆಯೋದು, ಅರ್ಧ ಹೆಜ್ಜೆ ಹಿಂದೆ ಅವರು. ನನ್ನ ಕೈ ಇಳಿದರೆ ಮೆಟ್ಟಿಲು ಇದೆ ಅಂತ ಅವರಿಗೆ ತಾನಾಗೇ ಗೊತ್ತಾಗುತ್ತದೆ. ತೋಳು ಹಿಡಿದು ಎಳೆದರೆ ಏನೂ ಗೊತ್ತಾಗಲ್ಲ, ಸುಮ್ನೆ ಭಯ ಅಷ್ಟೇ. ನೀವು ಅನ್ನೋದು ನೀನು ಆಗಿದ್ದೂ ಆ ಗಳಿಗೆಯಲ್ಲೇ. ನನಗೆ ಖುಷಿಯಾಯಿತು.

ಆಮೇಲೆ ಡಿಕ್ಟೇಶನ್. ಮೈಸೂರು ಸಂಸ್ಥಾನದ ಮೇಲೆ ಒಂದು ಪುಟ ಹೇಳಿದರು, ಬರೆದೆ. "ಈಗ ಓದು" ಅಂದರು, ಓದಿದೆ. ಸರಿಯಾಗೇ ಇದೆಯಲ್ಲ ಅಂದುಕೊಂಡೆ. ಆಗ ಶುರುವಾಯಿತು.

"ಸಂದರ್ಭ ಅಂತ ಬರೆದ್ಯಲ್ಲ, ಯಾವ ದ ಹಾಕಿದೀಯ?"

ನೋಡಿದೆ. 'ಸಂಧರ್ಭ' ಅಂತ ಬರೆದಿದ್ದೆ. ಮುಂದೆ 'ಧೀರ್ಘ'. ಅದರ ಕೆಳಗೆ 'ಪ್ರಭಂದ'. ಕಣ್ಣು ಇರೋ ಎಷ್ಟೋ ಮೇಷ್ಟ್ರುಗಳು ಇವನ್ನ ಹಾಗೇ ದಾಟಿ ಹೋಗಿದ್ದಾರೆ. ಅಕ್ಕ ಒಂದೊಂದನ್ನೇ ಕೇಳಿ ಕೇಳಿ ಹಿಡಿದರು. ಒಟ್ಟು ಹನ್ನೊಂದು ತಪ್ಪು.

"ನಿಮಗೆ ಹೇಗೆ ಅಕ್ಕ ಇಷ್ಟು ನೆನಪಿರುತ್ತೆ?" ಅಂತ ಕೇಳಿದೆ, ಸ್ವಲ್ಪ ಅವಮಾನದಲ್ಲೇ.

ಬ್ಯಾಗಿಂದ ಬ್ರೈಲ್ ಸ್ಲೇಟು ತೆಗೆದು ದಪ್ಪ ಹಾಳೆ ಸಿಕ್ಕಿಸಿದರು. ಮರದ ಹಿಡಿಯ ಮೊಳೆಯಂಥ ಕಡ್ಡಿಯಲ್ಲಿ ಟಕ್ ಟಕ್ ಅಂತ ಚುಚ್ಚಿದರು, ಬಲದಿಂದ ಎಡಕ್ಕೆ. ಹಾಳೆ ತಿರುಗಿಸಿ ನನ್ನ ತೋರುಬೆರಳು ಅದರ ಮೇಲಿಟ್ಟರು. ಚುಚ್ಚುವಾಗ ಬಲದಿಂದ ಎಡಕ್ಕೆ, ಮಗುಚಿ ಓದುವಾಗ ಎಡದಿಂದ ಬಲಕ್ಕೆ. "ಇದು ದ, ಮೂರು ಚುಕ್ಕೆ. ಇದು ಧ, ನಾಲ್ಕು ಚುಕ್ಕೆ. ಸಿಕ್ತಾ?" ನನ್ನ ಬೆರಳಿಗೆ ಎರಡೂ ಮೊಡವೆ ಥರ ಸಿಕ್ಕವು, ಅಷ್ಟೇ. ಆದರೆ ಮಾತು ಅರ್ಥವಾಯಿತು. ನಮಗೆ ದ ಕೆಳಗೆ ಒಂದು ಗೀಟು ಎಳೆದರೆ ಧ. ಎಳೆದೆವೋ ಬಿಟ್ಟೆವೋ, ಕಣ್ಣು ಅದನ್ನ ಕ್ಷಮಿಸಿಬಿಡುತ್ತದೆ. ಬ್ರೈಲ್‌ನಲ್ಲಿ ಅವೆರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ಅಕ್ಷರಗಳು. ದ ಬದಲು ಧ ಹಾಕೋದು ಅಂದರೆ ಅಕ್ಕನ ಲೆಕ್ಕದಲ್ಲಿ ಕ ಬದಲು ಮ ಹಾಕಿದ ಹಾಗೆ.

"ಮಾರ್ಕ್ಸ್ ಹೋಗೋದು ನನ್ನದು ಕಣಪ್ಪ, ನಿಂದಲ್ಲ. ನಾಳೆ ಬರೋವಾಗ ಎರಡು ಪುಟ ಕಾಪಿ ಬರ್ಕೊಂಡು ಬಾ."

ಹತ್ತೊಂಬತ್ತನೇ ವಯಸ್ಸಿಗೆ ನಾನು ಮತ್ತೆ ಕಾಪಿ ಬರೆದೆ. ರೂಮ್‌ಮೇಟ್ ನಕ್ಕು ಫೋಟೊ ತೆಗೆದುಕೊಂಡ.

ಪರೀಕ್ಷೆಗೆ ನಮಗೆ ಬೇರೆ ಕೋಣೆ. ಅಕ್ಕ ಹೇಳೋದು ಬೇರೆಯವರಿಗೆ ಕೇಳಿಸಬಾರದಲ್ಲ. ಮುರಿದ ಬೆಂಚು, ಹಳೇ ಭೂಪಟ, ಒಂದು ಟೇಬಲ್, ಮೂರು ಕುರ್ಚಿ. ಮೂರನೇದು ಮೇಲ್ವಿಚಾರಕರಿಗೆ. ಹಾಜರಿ ಹಾಳೆ ಬಂದಾಗ ಅವರು ಜೊತೆಗೆ ಹೆಬ್ಬೆಟ್ಟಿನ ಇಂಕು ಪ್ಯಾಡನ್ನೂ ಮುಂದೆ ತಳ್ಳಿದರು. ಶಬ್ದದಲ್ಲೇ ಅಕ್ಕನಿಗೆ ಗೊತ್ತಾಯಿತು ಅನಿಸುತ್ತದೆ. "ಸಹಿ ಮಾಡ್ತೀನಿ ಸಾರ್" ಅಂದರು. ನನಗೆ ಮಾತ್ರ ಕೇಳಿಸುವ ಹಾಗೆ, "ಸ್ಕೇಲ್ ಇಡು." ಸಹಿಯ ಗೆರೆ ಮೇಲೆ ಸ್ಕೇಲಿಟ್ಟೆ. ಅದರ ಅಂಚು ಮುಟ್ಟಿಕೊಂಡು, ನನ್ನ ಸಹಿಗಿಂತ ನೀಟಾಗಿ, ಕನ್ನಡದಲ್ಲಿ ಹೆಸರು ಬರೆದರು. ಇಂಕು ಪ್ಯಾಡು ಸದ್ದಿಲ್ಲದೆ ವಾಪಸ್ ಹೋಯಿತು.

ಕೆಲಸ ನಡೆಯೋದು ಹೀಗೆ. ಮೊದಲು ಇಡೀ ಪ್ರಶ್ನೆಪತ್ರಿಕೆ ಓದಬೇಕು, ನಿಧಾನವಾಗಿ, ಎರಡು ಸಲ. ಯಾವ ವಿಭಾಗ, ಎಷ್ಟಕ್ಕೆ ಎಷ್ಟು ಉತ್ತರಿಸಬೇಕು, ಎಷ್ಟು ಅಂಕ. ಅಕ್ಕ ಬೆರಳು ಮಡಚಿಕೊಂಡು ಕೇಳುತ್ತಾರೆ. ಯಾವುದು ಮೊದಲು ಅಂತ ಅವರು ಹೇಳುತ್ತಾರೆ. ಆಮೇಲೆ ಅವರು ಹೇಳೋದು, ನಾನು ಬರೆಯೋದು. ಎಲ್ಲಿ ಪ್ಯಾರಾ, ಎಲ್ಲಿ ಅಡಿಗೆರೆ, ಎಲ್ಲಿ ಕಾಮಾ, ಎಲ್ಲಾ ಅವರದೇ ಅಪ್ಪಣೆ. ಮಾತು ಪೆನ್ನಿಗಿಂತ ವೇಗ. ಹಾಗಾಗಿ ನಾನು ವಾಕ್ಯದ ಕೊನೇ ಪದವನ್ನ ಗಟ್ಟಿಯಾಗಿ ಹೇಳುತ್ತಾ ಬರೆಯಬೇಕು ಅಂತ ಮಾಡಿಕೊಂಡೆವು. ಆ ಪದ ಕೇಳಿಸಿದರೆ ಅವರು ಮುಂದಿನದಕ್ಕೆ ಹೋಗುತ್ತಾರೆ. ಎರಡನೇ ಗಂಟೆಗೆ ಹೆಬ್ಬೆರಳಿನ ಬುಡ ಸೆಳೆಯೋಕೆ ಶುರು. ಒಂದೇ ಬಣ್ಣದ ನಾಲ್ಕು ಪೆನ್ನು ಇಟ್ಟುಕೊಳ್ಳಿ, ಜೆಲ್ ಪೆನ್ ಬೇಡ, ಬೆವರಿಗೆ ಕಲೆಯಾಗುತ್ತದೆ. ಇದು ಹೊಸಬರಿಗೆ ನನ್ನ ಮೊದಲ ಬುದ್ಧಿಮಾತು.

ಮೂರು ಗಂಟೆ ಆದಾಗ ಬೆಲ್ ಹೊಡೆಯಿತು. ಹೊರಗೆ ಗಲಾಟೆ, ಬೈಕ್ ಸ್ಟಾರ್ಟ್ ಆಗೋ ಸದ್ದು. ಮೇಲ್ವಿಚಾರಕರು ಎದ್ದು ನಿಂತು "ಸಾಕಲ್ವೇನಮ್ಮ, ಕೊಡಿ" ಅಂದರು. ನನಗೆ ಎದೆ ಧಸಕ್ಕೆಂದಿತು. ಅಕ್ಕ ಗಾಬರಿಯಾಗಲಿಲ್ಲ. ಬ್ಯಾಗಿನ ಮುಂದಿನ ಜೇಬಿಗೆ ಕೈಹಾಕಿ ಒಂದು ಜೆರಾಕ್ಸ್ ತೆಗೆದರು. ಮೇಲಿನ ಬಲಮೂಲೆ ಮಡಚಿತ್ತು. ಯಾವ ಕಡೆ ಮೇಲು ಅಂತ ಗೊತ್ತಾಗಲಿ ಅಂತ ಅವರೇ ಮಡಚಿಟ್ಟುಕೊಂಡದ್ದು. ಅದೇ 2018ರ ಮಾರ್ಗಸೂಚಿ. "ಗಂಟೆಗೆ 20 ನಿಮಿಷ ಹೆಚ್ಚುವರಿ ಸಾರ್. ಮೂರು ಗಂಟೆಗೆ ಒಂದು ಗಂಟೆ. ಎರಡನೇ ಹಾಳೆಯಲ್ಲಿ ಗೆರೆ ಹೊಡೆಸಿದ್ದೀನಿ, ಓದಿ." ಅವರು ಓದಿದರು, ಗಡಿಯಾರ ನೋಡಿಕೊಂಡರು, ಕೂತರು. ಆ ಕಾಗದವನ್ನ ಅಕ್ಕ ಒಂದೇ ಒಂದು ಸಲವೂ ಕಣ್ಣಲ್ಲಿ ನೋಡಿಲ್ಲ. ಅದರಲ್ಲಿ ಎಲ್ಲಿ ಏನಿದೆ ಅಂತ ಪೂರ್ತಿ ಗೊತ್ತು.

ಇಷ್ಟೆಲ್ಲಾ ಚೆನ್ನಾಗಿ ನಡೆಯಿತು ಅಂತ ಬೀಗುತ್ತಿರುವಾಗಲೇ ಎರಡನೇ ಪೇಪರಲ್ಲಿ ನಾನು ಎಡವಟ್ಟು ಮಾಡಿದೆ. ರಾಜ್ಯಶಾಸ್ತ್ರ. 10 ಅಂಕದ ಪ್ರಶ್ನೆ, ಸಂವಿಧಾನದ 73ನೇ ತಿದ್ದುಪಡಿ ಮತ್ತು ಪಂಚಾಯತ್ ರಾಜ್ ಮೇಲೆ. ಅಕ್ಕ "ಅಯ್ಯೋ, ಇದಾ" ಅಂದರು. ತಡವರಿಸಿ ತಡವರಿಸಿ ಎರಡೂವರೆ ಪುಟ ಹೇಳಿದರು. ಕೊನೆಗೆ ಪ್ರಶ್ನೆಸಂಖ್ಯೆ ಸರಿಯಾಗಿದೆಯಾ ಅಂತ ನೋಡುವಾಗ ನನ್ನ ಕಣ್ಣಿಗೆ ಬಿತ್ತು. ಆ ಪ್ರಶ್ನೆಯ ಕೆಳಗೆ, ಸಾಲಿನ ನಡುವೆ, ಸಣ್ಣದಾಗಿ: ಅಥವಾ. ಅದರ ಕೆಳಗೆ ರಾಷ್ಟ್ರಪತಿಯ ತುರ್ತು ಅಧಿಕಾರಗಳು. ಪುಟ ತಿರುಗುವ ಜಾಗ. ಎರಡು ಸಲ ಓದಿದಾಗಲೂ ಎರಡು ಸಲವೂ ಬಿಟ್ಟಿದ್ದೆ.

ಆ ಅಧಿಕಾರಗಳ ವಿಧಿಗಳು 352, 356, 360. ಹಿಂದಿನ ದಿನ ಸಂಜೆ ಅಕ್ಕ ಅದನ್ನ ಮಗ್ಗಿ ಥರ ನನಗೇ ಒಪ್ಪಿಸಿದ್ದರು.

ಉಳಿದದ್ದು ಹನ್ನೆರಡು ನಿಮಿಷ. ಹೇಳದೇ ಇದ್ದುಬಿಡಲಾ ಅನ್ನಿಸಿತು. ಅವರಿಗೆ ಗೊತ್ತಾಗೋ ದಾರಿಯೇ ಇಲ್ಲ. ಆ ಕ್ಷಣ ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಹೇಳಿದೆ. ಅಕ್ಕ ಒಂದೆರಡು ಸೆಕೆಂಡು ಸುಮ್ಮನಿದ್ದರು. "ಹಳೇದು ಅಡ್ಡ ಗೆರೆ ಹೊಡಿಬೇಡ, ಇರಲಿ. ಬೇರೆ ಉತ್ತರಗಳನ್ನ ಒಂದ್ಸಲ ಓದು, ಸರಿಮಾಡೋಣ." ಅಷ್ಟೇ. ಹೊರಗೆ ಬಂದಮೇಲೆ "ಇವತ್ತಿನ ಊಟ ನಿಂದು" ಅಂದರು. ಮೆಸ್ಸಲ್ಲಿ ಅನ್ನ ಸಾರು ಕೊಡಿಸಿದೆ. ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಫಲಿತಾಂಶ ಬಂದಾಗ ಎಲ್ಲಕ್ಕಿಂತ ಕಡಿಮೆ ಅಂಕ ಆ ಪೇಪರಿಗೇ ಬಂದಿತ್ತು.

ಈಗ ನಿಜವಾಗಿ ಹೇಳಬೇಕಿದ್ದ ವಿಷಯಕ್ಕೆ ಬರುತ್ತೇನೆ. ನಾಲ್ಕನೇ ಪೇಪರು, ಮೈಸೂರು ಇತಿಹಾಸ. ದಿವಾನ್ ಶೇಷಾದ್ರಿ ಅಯ್ಯರ್ ಸಾಧನೆಗಳನ್ನ ಬರೆಯಿರಿ. ಅಕ್ಕ ಸರಾಗವಾಗಿ ಹೇಳುತ್ತಾ ಹೋದರು. 1883ರಿಂದ 1901ರವರೆಗೆ ದಿವಾನರು, ರೈಲು, ನೀರಾವರಿ. ಆಮೇಲೆ, "ಅವರು ಕೈಗೆತ್ತಿಕೊಂಡ ಶಿವನಸಮುದ್ರ ಯೋಜನೆಯಿಂದ 1905ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು."

ನನಗೆ ಇತಿಹಾಸ ಬರಲ್ಲ, ಒಪ್ಪಿದೆ. ಆದರೆ ನಮ್ಮೂರು ಮಳವಳ್ಳಿ ಕಡೆ. ಶಿವನಸಮುದ್ರದ ಬ್ಲಫ್, ಅಂದರೆ ಕರೆಂಟು ತಯಾರಾಗೋ ಜಾಗ, ನಮ್ಮ ತಾಲ್ಲೂಕಿನದು. ನಮ್ಮ ಶಾಲೆ ಪ್ರವಾಸ ಅಂದರೆ ಅದೇ. ಕೋಲಾರಕ್ಕೆ ಕರೆಂಟು ಹೋದದ್ದು 1902ರಲ್ಲಿ, ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕರೆಂಟು ಹುಟ್ಟೋದು ನಮ್ಮಲ್ಲಿ, ಮೊದಲು ಹೋಗಿದ್ದು ಊರಾಚೆಗೆ ಅಂತ ನಮ್ಮ ಕಡೆ ಗೊಣಗದವರೇ ಇಲ್ಲ. ಇದೊಂದು ಇಸವಿ ನನಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು.

'1' ಬರೆದೆ, '9' ಬರೆದೆ, '0' ಬರೆದೆ. ಪೆನ್ನು ನಿಂತಿತು.

ಎರಡೇ ಸೆಕೆಂಡು ಇರಬೇಕು. ಅಕ್ಕನ ಮುಖ ನನ್ನ ಕಡೆ ತಿರುಗಿತು. ಮೇಲ್ವಿಚಾರಕರು ಪೇಪರ್ ಓದುತ್ತಿದ್ದರು.

"ಇನ್ನೊಂದ್ಸಲ ಹೇಳಿ ಅಕ್ಕ" ಅಂದೆ. ನಾನು ಬಹಳ ಜಾಣ ಅಂದುಕೊಂಡು.

"1905" ಅಂದರು. ಅವರ ದನಿ ಗಟ್ಟಿಯಾಗಿತ್ತು. "ನಾನು ಹೇಳಿದ್ದು ಬರಿ."

5 ಬರೆದೆ. ಆ 5 ನನ್ನ ಜೀವನದಲ್ಲೇ ಅತಿ ಕೆಟ್ಟದಾಗಿ ಬರೆದ ಅಂಕಿ.

ಆವತ್ತು ಬಸ್ ಸ್ಟಾಪಲ್ಲಿ ಅವರೇ ಕೇಳಿದರು. "ಯಾವುದು ಸರಿ?" 1902 ಅಂದೆ. ತಲೆ ಆಡಿಸಿದರು. "ನೀನು ನಿಂತ ಕೂಡಲೇ ಗೊತ್ತಾಯ್ತು ಅದು ತಪ್ಪು ಅಂತ. ಸ್ವಲ್ಪ ಯೋಚಿಸಿದ್ರೆ 1902 ಅಂತ ಹೊಳೀತಿತ್ತೇನೋ."

"ಮತ್ತೆ ಯಾಕೆ ಬದಲಾಯಿಸಲಿಲ್ಲ?"

"ನಂಗೆ ಹೊಳೆದಿದ್ದಲ್ಲವಲ್ಲ ಅದು, ನಿನ್ನ ಪೆನ್ನಿಗೆ ಹೊಳೆದಿದ್ದು." ಆಮೇಲೆ ಸ್ವಲ್ಪ ಬೇಜಾರಲ್ಲೇ ಹೇಳಿದರು. "ಏನೇ ಪಾಸಾದ್ರೂ ಬರೆದವನು ಹೇಳಿಕೊಟ್ಟಿರ್ಬೇಕು ಅಂತಾರೆ ಕಣಪ್ಪ. ಹತ್ತನೇ ಕ್ಲಾಸಿಂದ ಕೇಳ್ತಿದ್ದೀನಿ. ಅವರು ಅಂದ್ಕೊಳ್ಳಲಿ. ನಂಗೆ ಗೊತ್ತಿದ್ರೆ ಸಾಕು. ನೀನು ನಿಂತರೆ ಅದೂ ನಂಗೆ ಗೊತ್ತಿಲ್ಲದಂಗೆ ಆಗುತ್ತೆ. ಪೆನ್ನು ನಿಲ್ಲಿಸಬಾರದು."

ಉಳಿದ ಎರಡು ಪೇಪರಿಗೆ ನಾನು ಪೆನ್ನು ನಿಲ್ಲಿಸಲಿಲ್ಲ. ಸುಲಭ ಅಂದುಕೊಳ್ಳಬೇಡಿ. ಸಹಾಯ ಮಾಡೋಕೆ ಅಂತ ಬಂದವನಿಗೆ ಸಹಾಯ ಮಾಡದೆ ಕೂರೋದು ತುಂಬಾ ಕಷ್ಟ. ಉಸಿರು ಎಳೆದುಕೊಳ್ಳೋದು, 'ಹ್ಞಾಂ' ಅನ್ನೋ ದನಿ ಬದಲಾಗೋದು, ಕುರ್ಚಿ ಕಿರ್ ಅನ್ನೋದು, ಎಲ್ಲವೂ ಅವರಿಗೆ ಕೇಳಿಸುತ್ತದೆ. ಎಲ್ಲವನ್ನೂ ಒಂದೇ ಸಮ ಇಟ್ಟುಕೊಳ್ಳಬೇಕು. ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ಮುಖ, ಒಂದೇ ದನಿ, ಒಂದೇ ವೇಗ.

ಎನ್ನೆಸ್ಸೆಸ್ ಗಂಟೆ ತುಂಬಿತು. ಸರ್ಟಿಫಿಕೇಟೂ ಬಂತು, ಊರಲ್ಲಿ ಬೀರುವಿನಲ್ಲಿದೆ. ಆದರೆ ನನ್ನ ನಂಬರು ಅಷ್ಟರಲ್ಲಿ ಹತ್ತು ಕಡೆ ಹೋಗಿತ್ತು. 'ಅಕ್ಷರ ಚೆನ್ನಾಗಿದೆ, ಬಾಯಿ ಬಿಡಲ್ಲ' ಅಂತ ಅಕ್ಕನೇ ಹಬ್ಬಿಸಿದ್ದರು. ಡಿಗ್ರಿ ಮುಗಿಯೋದರೊಳಗೆ ಎಷ್ಟು ಪೇಪರ್ ಬರೆದೆನೋ ಲೆಕ್ಕ ಇಟ್ಟಿಲ್ಲ. ಕೆಲವರು ಹೇಳುತ್ತಾ ಹೇಳುತ್ತಾ ಅತ್ತರು. ಒಬ್ಬ ಹುಡುಗ ಅರ್ಧ ಗಂಟೆಗೆ "ನಂಗೇನೂ ಬರಲ್ಲ ಅಣ್ಣ, ಸುಮ್ನೆ ಕೂತ್ಕೋಳೋಣ" ಅಂದ, ಕೂತೆವು.

ಈಗ ನೋಡಿ ತಮಾಷೆ. ನನ್ನ ಬಿ.ಕಾಂ. ಮುಗಿಯಿತು. ಒಂದು ಮೆಟ್ಟಿಲು ಕೆಳಗಿರಬೇಕು ಅನ್ನೋ ನಿಯಮ ಇತ್ತಲ್ಲ, ಅದರಲ್ಲಿ ನಾನು ಬಿದ್ದೆ. ಡಿಗ್ರಿಯವರಿಗೆ ನಾನು ಬರೆಯೋ ಹಾಗಿಲ್ಲ. ಓದಿದಷ್ಟೂ ಕೆಲಸಕ್ಕೆ ಬಾರದವನಾಗುವ ಏಕೈಕ ಉದ್ಯೋಗ ಇದು. ಹಾಗಾಗಿ ಈಗ ಓದಿ ರೆಕಾರ್ಡ್ ಮಾಡುತ್ತೇನೆ. ಬ್ರೈಲ್‌ನಲ್ಲಿ ಇಲ್ಲದ ನೋಟ್ಸು, ಪುಸ್ತಕ, ಫೋನಲ್ಲೇ. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಪಕ್ಕದ ಮನೆ ಕುಕ್ಕರ್ ಮೂರು ವಿಷಲ್ ಮುಗಿಸೋವರೆಗೂ ಕಾದು. ಮೊದಲ ರೆಕಾರ್ಡಿಂಗ್ ಭಾವ ತುಂಬಿ ಓದಿ ಅಕ್ಕನಿಗೆ ಕಳಿಸಿದ್ದೆ. ಉತ್ತರ ಬಂತು: "ನಾಟಕ ಮಾಡ್ಬೇಡ. ಪುಟದ ನಂಬರ್ ಹೇಳಿ ಸುಮ್ನೆ ಓದು. ನಾನು ಕೇಳೋದು ಡಬಲ್ ಸ್ಪೀಡಲ್ಲಿ."

ಜೂನಿಯರ್‌ಗಳನ್ನ ಹುಡುಕೋದೂ ಈಗ ನನ್ನದೇ ಕೆಲಸ. ಬರುವವರಲ್ಲಿ ಹೆಚ್ಚಿನವರು ಗಂಟೆ ತುಂಬಿಸೋಕೇ ಬರುತ್ತಾರೆ. ಬರಲಿ ಬಿಡಿ.

ಹೋದ ತಿಂಗಳು ಅಕ್ಕ ಒಂದು ಸರ್ಕಾರಿ ಕೆಲಸದ ಪರೀಕ್ಷೆ ಬರೆದರು. ಬರೆಯುವವರು ಯಾರೂ ಸಿಗದೆ ಕೊನೆಗೆ ಮೊದಲ ವರ್ಷದ ಒಬ್ಬ ಹುಡುಗನನ್ನ ಒಪ್ಪಿಸಿದ್ದೆ. ನಾಲ್ಕು ಆಯ್ಕೆಯ ಪ್ರಶ್ನೆಗಳು. ಓದಿ ಹೇಳಬೇಕು, ಹೇಳಿದ ವೃತ್ತ ತುಂಬಬೇಕು. ಅವನಿಗೆ ನಾನು ಎಲ್ಲಾ ಹೇಳಿಕೊಟ್ಟಿದ್ದೆ, ಸ್ಕೇಲು, ನಾಲ್ಕು ಪೆನ್ನು, ಪುಟದ ಕೊನೆಯ ಸಾಲು. ಪೆನ್ನು ನಿಲ್ಲಿಸಬಾರದು ಅಂತಲೂ.

ಗೇಟಿನ ಹೊರಗೆ ಹೊಂಗೆ ಮರದಡಿ ಕಾಯುತ್ತಾ ಕೂತೆ. ಬೆಲ್ಲಾಯಿತು, ಎಲ್ಲರೂ ಬಂದು ಹೋದರು. ಕಡಲೆಕಾಯಿ ಮಾರೋನೂ ಗಾಡಿ ತಳ್ಳಿಕೊಂಡು ಹೋದ. ಹೆಚ್ಚುವರಿ ಸಮಯ ಮುಗಿದಮೇಲೆ ಇಬ್ಬರೂ ಬಂದರು. ಹುಡುಗ ಮೊಣಕೈ ಸರಿಯಾಗೇ ಕೊಟ್ಟಿದ್ದ, ಆದರೆ ಮುಖ ಬಾಡಿತ್ತು.

"ಹೇಗಾಯ್ತು ಅಕ್ಕ?"

"ನಂದು ಪರವಾಗಿಲ್ಲ" ಅಂದರು ಅಕ್ಕ. ಬಿಳಿ ಕೋಲನ್ನ ಬಿಚ್ಚುತ್ತಾ ಹುಡುಗನ ಕಡೆ ತಲೆ ಆಡಿಸಿದರು. "ಇವನೂ ಒಂದು ಕಡೆ ನಿಂತ ಕಣಪ್ಪ."

"ಯಾವ ಪ್ರಶ್ನೆಗೋ?" ಅಂದೆ.

ಹುಡುಗ ನೆಲ ನೋಡಿದ. "42" ಅಂದ.

"ದೋಸೆ ತಿನ್ನೋಣ ನಡೀರಿ" ಅಂದರು ಅಕ್ಕ. "ದುಡ್ಡು ಇವನೇ ಕೊಡ್ಲಿ."